ಕಾಲೊನಿಯ ಅಜ್ಜನ ಪದಕ

ಚಳಿಗಾಲ ಬಂತೆಂದರೆ ನಮ್ಮ ಕಡೆಯವರಿಗೆ ಟಿಬೆಟಿಯನ್ನರು ನೆನಪಾಗುವುದು ಸ್ವೆಟರ್ ಅಂಗಡಿಯಿಂದ. ಅವರ ಮನೆ ದೂರವೇನಲ್ಲ, ಹಾನಗಲ್ಲ ತಾಲೂಕಿನ ಗಡಿ ದಾಟಿದರೆ ಮುಂಡಗೋಡ. 1966ರಲ್ಲಿ ಕಾಡು ಕಡಿದು ಕಟ್ಟಿಕೊಂಡ ಕಾಲೊನಿ. ಗೋವಿನಜೋಳದ ಹೊಲ, ಮಠದ ಬಂಗಾರ ಬಣ್ಣದ ಮಾಡು, ಕಟ್ಟೆಯ ಮೇಲೆ ಜಪಮಣಿ ಎಣಿಸುತ್ತ ಕೂತ ಅಜ್ಜಂದಿರು. ತಿಳವಳ್ಳಿಯಿಂದ ಹೋಗಿ ಮಠ ನೋಡಿ, ಫೋಟೊ ತೆಗೆಸಿಕೊಂಡು ಬಂದವರು ಬಹಳ. ಈ ಅಜ್ಜ ನಮ್ಮ ದೇಶದ ಪರವಾಗಿ ಬಂದೂಕು ಹಿಡಿದಿದ್ದನೇ ಎಂದು ಕೇಳಿದವರು ಎಷ್ಟು ಮಂದಿ?

1962ರ ನವೆಂಬರ್‌ನಲ್ಲಿ, ಚೀನಾದ ಪೆಟ್ಟು ಇನ್ನೂ ಹಸಿಯಾಗಿದ್ದಾಗ, ಟಿಬೆಟ್ ನಿರಾಶ್ರಿತರನ್ನೇ ಸೇರಿಸಿಕೊಂಡು ಒಂದು ಗುಪ್ತ ಪಡೆ ಹುಟ್ಟಿತು. ಕಾಗದದ ಮೇಲೆ ಅದು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್, ನೆಲೆ ಚಕ್ರಾತಾ. ಅದನ್ನು ಕಟ್ಟಿದ ಸುಜಾನ್ ಸಿಂಗ್ ಉಬಾನ್ ಮೊದಲು 22ನೇ ಮೌಂಟನ್ ರೆಜಿಮೆಂಟಿನಲ್ಲಿದ್ದುದರಿಂದ ಪಡೆಯವರ ಬಾಯಲ್ಲಿ ಬರೀ ‘ಟೂ-ಟೂ’. ಸೈನ್ಯದ ಲೆಕ್ಕಕ್ಕಿಲ್ಲ, ಸಂಪುಟ ಕಾರ್ಯಾಲಯದ ಅಧೀನ. ಕರ್ನಾಟಕದ ಕಾಲೊನಿಗಳ ಹುಡುಗರೂ ಅದಕ್ಕೆ ಸೇರುತ್ತ ಬಂದಿದ್ದಾರೆ.

ಚೀನಾದ ಮೇಲೆ ಎಂದು ಕಟ್ಟಿದ ಈ ಪಡೆಯನ್ನು 1971ರಲ್ಲಿ ಕಳಿಸಿದ್ದು ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಗುಡ್ಡಗಾಡಿಗೆ. ಡಿಸೆಂಬರ್ 3ಕ್ಕೆ ಯುದ್ಧ ಘೋಷಣೆಯಾಗುವ ಮೊದಲೇ, ನವೆಂಬರ್‌ನಲ್ಲಿ, ಸುಮಾರು ಮೂರು ಸಾವಿರ ಮಂದಿ ಮಿಜೋರಾಂ ಕಡೆಯಿಂದ ಗಡಿ ದಾಟಿದರು. ಸಿಕ್ಕಿಬಿದ್ದರೆ ‘ಇವರು ನಮ್ಮವರಲ್ಲ’ ಎನ್ನಲು ಅನುಕೂಲವಾಗಲೆಂದು ಕೈಗೆ ಬಲ್ಗೇರಿಯಾದ ಬಂದೂಕು. ಶುರುವಿನಲ್ಲೇ ಅವರ ನಾಯಕರಲ್ಲೊಬ್ಬರಾದ ಧೊಂಡುಪ್ ಗ್ಯಾತೊತ್ಸಂಗ್ ಗುಂಡಿಗೆ ಬಲಿಯಾದರು. ಒಟ್ಟು ಐವತ್ತರ ಆಸುಪಾಸು ಜನ ಮರಳಲಿಲ್ಲ, ಗಾಯಗೊಂಡವರು ಅದರ ಮೂರು ಪಟ್ಟಿಗೂ ಹೆಚ್ಚು. ಬದುಕಿ ಬಂದವರಲ್ಲಿ ಸುಮಾರು 580 ಮಂದಿಗೆ ಸರ್ಕಾರ ನಗದು ಬಹುಮಾನ ಕೊಟ್ಟಿತು. ಆ ಟಿಬೆಟಿಯನ್ ಯೋಧರ ಎದೆಗೆ ಶೌರ್ಯಪದಕ ಮಾತ್ರ ಬರಲಿಲ್ಲ. ಇಲ್ಲದ ಪಡೆಗೆ ಪದಕ ಎಲ್ಲಿಂದ?

ಆಗಿನ ಮಟ್ಟಿಗೆ ಆ ಉತ್ತರ ಸರಿಯಿದ್ದೀತು. ಈಗ ಗುಟ್ಟೆಲ್ಲಿ ಉಳಿದಿದೆ? 2020ರ ಆಗಸ್ಟ್ ಕೊನೆಗೆ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬ್ ಸಿಡಿದು ಇದೇ ಪಡೆಯ ಕಂಪನಿ ಲೀಡರ್ ನ್ಯಿಮಾ ತೆನ್‌ಜಿನ್ ತೀರಿಕೊಂಡರು. ಸೆಪ್ಟೆಂಬರ್ 7ರಂದು ಲೇಹ್‌ನಲ್ಲಿ ಅಂತ್ಯಕ್ರಿಯೆ. ಪೆಟ್ಟಿಗೆಯ ಮೇಲೆ ತ್ರಿವರ್ಣ, ಜತೆಗೆ ಹಿಮಸಿಂಹದ ಟಿಬೆಟ್ ಬಾವುಟ, ಸೇನೆಯ ಲಾರಿ, ಮುಂದೆ ಕ್ಯಾಮೆರಾಗಳು. ಆಳುವ ಪಕ್ಷದ ರಾಮ್ ಮಾಧವ್ ಬಂದು ಹೂವು ಇಟ್ಟರು. ಚೀನಾಕ್ಕೆ ಕಾಣಲೆಂದೇ ಪರದೆ ಸರಿಸಿದಂತಿತ್ತು. ಬೇಕಾದಾಗ ಸರಿಯುವ ಪರದೆ 1971ರ ಮುದುಕರ ಪಾಲಿಗೆ ಮಾತ್ರ ಯಾಕೆ ಬಿಗಿ?

ಅವರು ಪೌರರಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ನೇಪಾಳದ ಗೂರ್ಖಾಗಳು ನಮ್ಮ ಸೈನ್ಯದಲ್ಲಿ ಹೋರಾಡಿ ಪದಕ ಧರಿಸಿದ್ದಾರೆ. ಪರಮವೀರ ಚಕ್ರದ ನಿಯಮವೇ ಮೂರು ಸೇನೆಗಳಾಚೆ, ಕಾನೂನುಬದ್ಧವಾಗಿ ರಚಿತವಾದ ಬೇರೆ ಪಡೆಗಳಿಗೂ ಬಾಗಿಲು ತೆರೆದಿಟ್ಟಿದೆ. 1950ರಿಂದ 1987ರ ಮಧ್ಯದವರೆಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರೆಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಚಿತ್ತಗಾಂಗಿಗೆ ಹೋದವರು ಹುಟ್ಟಿದ್ದು ಟಿಬೆಟ್‌ನಲ್ಲಿ. ಹಾಗಾಗಿ ಮಗ ವೋಟು ಹಾಕಬಹುದು, ಯುದ್ಧ ಮಾಡಿದ ಅಪ್ಪ ವಿದೇಶಿಯೆಂದು ತನ್ನ ನೋಂದಣಿ ಪತ್ರವಾದ ಆರ್‌ಸಿ ನವೀಕರಿಸಿಕೊಳ್ಳುತ್ತ ಇರಬೇಕು.

ಗುಟ್ಟಿನ ಪಡೆಗೆ ತಡವಾಗಿ ಪದಕ ಕೊಟ್ಟ ಉದಾಹರಣೆ ಬೇರೆಡೆ ಇದೆ. ಎರಡನೇ ಮಹಾಯುದ್ಧದ ತನ್ನ ಗುಪ್ತದಳ ಓಎಸ್‌ಎಸ್‌ಗೆ ಅಮೆರಿಕ ಸಂಸತ್ತಿನ ಚಿನ್ನದ ಪದಕ ಕೊಟ್ಟಿದ್ದು 2018ರಲ್ಲಿ, ಆ ದಳ ಮುಚ್ಚಿ 72 ವರ್ಷಗಳ ಮೇಲೆ. ದಳದಲ್ಲಿದ್ದವರಲ್ಲಿ ಬಹುತೇಕರು ಆಗ ಬದುಕಿರಲಿಲ್ಲ. ತಡಮಾಡುವುದರಲ್ಲೂ ಅಮೆರಿಕದವರನ್ನೇ ಅನುಸರಿಸಬೇಕೆಂದೇನಿಲ್ಲ.

ವೀರರನ್ನು ಗೌರವಿಸುವುದನ್ನು ನಮ್ಮ ಸೀಮೆಗೆ ಹೊರಗಿನವರು ಕಲಿಸಬೇಕಾಗಿಯೂ ಇಲ್ಲ. ಹಾನಗಲ್ಲ ಸುತ್ತಿನ ಹಳ್ಳಿಗಳಲ್ಲಿ ಗುಡಿ ಪಕ್ಕ, ಕೆರೆ ಏರಿಯ ಮೇಲೆ ವೀರಗಲ್ಲುಗಳು ಕಾಲಿಗೆ ತೊಡರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಒಂದು ಮೂಲೆಗೆ ಒತ್ತಿಕೊಂಡು ನಿಂತ ದನಗಳು, ನಡುವೆ ವೀರನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದ ಊರುಗಳಿವು.

1971ರ ಪಡೆಗೆ ಒಟ್ಟಾಗಿ ಒಂದು ಪದಕ, ಬದುಕಿರುವವರಿಗೆ ಹೆಸರು ಹಿಡಿದು ಒಂದೊಂದು. ಇಷ್ಟೇ ನಮ್ಮ ಕೋರಿಕೆ. ಇಂದಿನ ಪಡೆಯ ನೆಲೆ, ಸಂಖ್ಯೆ ಯಾವುದನ್ನೂ ಬಯಲು ಮಾಡಬೇಕಿಲ್ಲ. ಹಾವೇರಿ, ಉತ್ತರ ಕನ್ನಡದ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಲಿ, ಅದಕ್ಕೆ ಖರ್ಚಿಲ್ಲ. ದಿಲ್ಲಿ ಏಳುವವರೆಗೆ ನಮ್ಮ ಕೈಲಾಗುವುದೂ ಒಂದಿದೆ. ಡಿಸೆಂಬರ್ 16ಕ್ಕೆ ವಿಜಯ ದಿವಸ ಆಚರಿಸುವವರು ಮುಂಡಗೋಡಕ್ಕೂ ಒಂದು ಗಾಡಿ ಕಳಿಸಲಿ. ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಲಿ. ಆಗ ಇಪ್ಪತ್ತು ದಾಟಿದವರಿಗೆ ಈಗ ಎಪ್ಪತ್ತು ಮೀರಿ ಬಹಳ ದಿನವಾಯಿತು, ಬಹಳ ಹೊತ್ತು ನಿಲ್ಲಲಾರರು.