ಏಳಿಸುವ ಕುರ್ಚಿ

ಕುರ್ಚಿ ಇರುವುದು ಕುಳಿತುಕೊಳ್ಳಲಿಕ್ಕೆ ಎಂಬುದು ಲೋಕರೂಢಿ. ಆದರೆ ಸಂಧಿವಾತದಿಂದ ಮೊಣಕಾಲು ಬಿಗಿದ ಹಿರಿಯರನ್ನು ಕೇಳಿ ನೋಡಿ. ಕುಳಿತುಕೊಳ್ಳುವುದು ದೊಡ್ಡ ಮಾತಲ್ಲ, ಏಳುವುದೇ ದೊಡ್ಡದು ಎಂದಾರು. ಏಳಬೇಕಾದಾಗಲೆಲ್ಲ ‘ಯಾರಾದರೂ ಬನ್ನಿರಪ್ಪಾ’ ಎಂದು ಕೂಗಬೇಕಲ್ಲ ಎಂಬ ಸಂಕೋಚದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರುಂಟು. ಮನೆಯವರ ಕಣ್ಣಿಗೆ ಬೀಳದ ದುಃಖವಿದು.

ಇಂಥವರಿಗಾಗಿಯೇ ವಿದ್ಯುತ್ತಿನಿಂದ ಏಳಿಸುವ ಕುರ್ಚಿಗಳಿವೆ. ಅಂಗಡಿಯಲ್ಲಿ ಇವಕ್ಕೆ ‘ಲಿಫ್ಟ್ ಚೇರ್’ ಎಂದು ಹೆಸರು. ಬರಿಯ ‘ರಿಕ್ಲೈನರ್’ ಬೇರೆ, ಇದು ಬೇರೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ರಿಕ್ಲೈನರ್ ನಮ್ಮನ್ನು ಹಿಂದಕ್ಕೆ ಒರಗಿಸುತ್ತದೆ, ಅಷ್ಟೆ. ಲಿಫ್ಟ್ ಚೇರಿನಲ್ಲಾದರೋ ಗುಂಡಿಯೊತ್ತಿದೊಡನೆ ಅಡಿಯ ಮೋಟಾರು ಇಡೀ ಆಸನವನ್ನು ಮೆಲ್ಲಗೆ ಮೇಲೆತ್ತಿ ಮುಂದಕ್ಕೆ ಬಾಗಿಸುತ್ತದೆ. ಕುಳಿತವರು ಬಹುಮಟ್ಟಿಗೆ ನಿಂತ ನಿಲುವಿಗೆ ಬರುತ್ತಾರೆ.

ಇದು ಎಲ್ಲರಿಗೂ ಬೇಕೆ? ಕೈಯೂರಿ ತಾವೇ ಏಳಬಲ್ಲವರನ್ನು ಯಂತ್ರದಿಂದ ಏಳಿಸತೊಡಗಿದರೆ ತೊಡೆಯ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಅವರಿಗೆ ತಗ್ಗಾದ ಮೆತ್ತನೆಯ ಸೋಫಾವನ್ನು ಬಿಡಿಸಿ, ತುಸು ಎತ್ತರದ, ಗಟ್ಟಿ ಕೈಗಳುಳ್ಳ ಮರದ ಕುರ್ಚಿಯನ್ನು ಕೊಟ್ಟರೆ ಸಾಕಾದೀತು. ಇನ್ನು, ಎದ್ದ ಮೇಲೆ ಸ್ವಂತ ಕಾಲಿನ ಮೇಲೆ ನಿಲ್ಲಲಾರದವರಿಗೆ ಇದೊಂದರಿಂದಲೇ ಕಾರ್ಯವಾಗದು. ಕುರ್ಚಿ ಎತ್ತೀತೇ ಹೊರತು ಹಿಡಿದು ನಿಲ್ಲಿಸಲಾರದು. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣುವುದು ಲೇಸು.

ಬೇಕೆಂದು ನಿಶ್ಚಯವಾದ ಮೇಲೆ ಅಳತೆಯ ಮಾತು. ರವಿಕೆಗೆ ಅಳತೆ ಕೊಡುವ ನಾವು ಕುರ್ಚಿಗೆ ಕೊಡುವುದಿಲ್ಲ. ಕುಳಿತಾಗ ಪಾದಗಳೆರಡೂ ನೆಲಕ್ಕೆ ಪೂರ್ತಿ ಊರಬೇಕು. ಬೆನ್ನು ಹಿಂದಕ್ಕೆ ತಾಗಿದ್ದಾಗ ಆಸನದ ಅಂಚಿಗೂ ಮೊಣಕಾಲ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನಷ್ಟು ಎಡೆಯಿರಬೇಕು. ಆಜಾನುಬಾಹುವಿಗೆ ಒಪ್ಪುವ ಕುರ್ಚಿಯಲ್ಲಿ ಗಿಡ್ಡ ಮೈಕಟ್ಟಿನ ಅಜ್ಜಿ ಕುಳಿತರೆ ಕಾಲು ತೂಗಾಡುತ್ತದೆ. ಯಂತ್ರ ಎತ್ತುವಾಗ ಮುಂದಕ್ಕೆ ಜಾರುವ ಅಪಾಯವೂ ಉಂಟು. ಕುರ್ಚಿ ಹೊರಬಲ್ಲ ತೂಕವೆಷ್ಟೆಂಬುದನ್ನೂ ಕೇಳಿ ತಿಳಿಯಬೇಕು.

ಒರಗುವ ಬಗೆಯಲ್ಲಿಯೂ ಭೇದಗಳುಂಟು. ಕೆಲವು ಕುರ್ಚಿಗಳು ಓದಲು, ಟಿ.ವಿ. ನೋಡಲು ತಕ್ಕಷ್ಟೇ ವಾಲುತ್ತವೆ. ಕೆಲವು ಹಗಲು ನಿದ್ದೆಗೆ ಒದಗುವಷ್ಟು ಚಾಚಿಕೊಳ್ಳುತ್ತವೆ. ಎರಡು ಮೋಟಾರುಗಳುಳ್ಳವುಗಳಲ್ಲಿ ಬೆನ್ನನ್ನೂ ಕಾಲನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಅಗತ್ಯವನ್ನು ನೋಡಿ ಕೊಳ್ಳಬೇಕಲ್ಲದೆ ಆಡಂಬರವನ್ನಲ್ಲ.

ಕುಳಿತವರು ಹಿಂದಕ್ಕೆ ಒರಗಿರುವಾಗಲೇ ವಿದ್ಯುತ್ತು ಹೋದರೆ ಗತಿಯೇನು? ಕೆಲವು ಕುರ್ಚಿಗಳಲ್ಲಿ 9 ವೋಲ್ಟಿನ ಎರಡು ಬ್ಯಾಟರಿಗಳ ಆಸರೆ ಇರುತ್ತದೆ. ಅಂಥ ಹೊತ್ತಿನಲ್ಲಿ ಒಮ್ಮೆ ಎಬ್ಬಿಸುವುದಕ್ಕೆ ಅವು ನೆರವಾಗುತ್ತವೆ. ಅವನ್ನು ಆಗಾಗ ಬದಲಿಸಬೇಕು. ಮನೆಯ ಯು.ಪಿ.ಎಸ್. ಈ ಭಾರವನ್ನು ತಾಳೀತೆ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿಡುವುದೂ ವಿವೇಕ. ಕುರ್ಚಿಗೂ ಗೋಡೆಗೂ ನಡುವೆ ಎಷ್ಟು ಅಂತರ ಬೇಕು, ಬಾಗಿಲಿನಲ್ಲಿ ಅದು ಹಿಡಿಸೀತೆ ಎಂಬುದನ್ನು ಹಣ ಕೊಡುವ ಮೊದಲೇ ಅಳೆಯಿರಿ. ಕುರ್ಚಿ ಇಳಿಯುವಾಗ ಮಗುವಿನ ಕೈ, ಸೀರೆಯ ಸೆರಗು ಅಡಿಯಲ್ಲಿ ಸಿಕ್ಕದಂತೆ ಎಚ್ಚರವಿರಲಿ. ಮೇಲೆದ್ದೊಡನೆ ಹೆಜ್ಜೆಯಿಡಬಾರದು, ಥಟ್ಟನೆ ಎದ್ದರೆ ರಕ್ತದೊತ್ತಡ ತಗ್ಗಿ ತಲೆ ಸುತ್ತುವುದುಂಟು.

ಕಡೆಯದಾಗಿ ಒಂದು ಮಾತು. ತಂದೆಗೆ ಕುರ್ಚಿಯನ್ನು ಅನಿರೀಕ್ಷಿತ ಉಡುಗೊರೆಯಾಗಿ ತರಬೇಡಿ; ಸಾಧ್ಯವಾದರೆ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಕಾಲು ಗಂಟೆ ಅದರಲ್ಲಿ ಕುಳಿತಿರಲಿ. ಗುಂಡಿಗಳನ್ನು ತಾವೇ ಒತ್ತಿ ನೋಡಲಿ. ಸೊಟ್ಟಗಾದ ಬೆರಳಿಗೆ ಸಣ್ಣ ಗುಂಡಿ ಎಟುಕದು. ಹೊದಿಕೆಯ ಬಣ್ಣವನ್ನು ಬೇಕಾದರೆ ಮಗ ಆರಿಸಲಿ, ಸೊಸೆ ಆರಿಸಲಿ. ರಿಮೋಟು ಮಾತ್ರ ಹಿರಿಯರ ಕೈಯಲ್ಲಿಯೇ ಇರತಕ್ಕದ್ದು. ಯಾವಾಗ ಏಳಬೇಕೆಂಬುದು ಅವರ ಇಚ್ಛೆ. ಕಾಲು ಕಸಿದುಕೊಂಡ ಆ ಇಚ್ಛೆಯನ್ನು ಮರಳಿ ಕೊಡಿಸುವುದಕ್ಕಾಗಿಯೇ ಅಲ್ಲವೆ ನಾವು ಹಣ ತೆರುವುದು?