ಒಂಬತ್ತು ಮನೆಗಳಲ್ಲಿ ಕನ್ನಡಕ್ಕೆ ಎಡೆಯಿಲ್ಲವೇ?

ಪ್ರತಿ ನವೆಂಬರಿನಲ್ಲಿಯೂ ಮುಂಬಯಿಯ ಕನ್ನಡ ವೇದಿಕೆಗಳ ಮೇಲೆ ಒಂದು ಅಳಲು ಕೇಳಿಬರುತ್ತದೆ: ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ. ಈ ಮಾತು ಪೂರ್ತಿ ನಿಜವಲ್ಲ. ನಮ್ಮ ಮಕ್ಕಳಿಗೆ ಕನ್ನಡ ಬರುತ್ತದೆ. ಹಸಿವಾಯಿತು, ನೀರು ಕೊಡು, ಅಜ್ಜಿ ಬಂದರು, ಸಾಕು: ಇಷ್ಟು ಬರುತ್ತದೆ. ಬಾರದಿರುವುದು ಬೇರೆ. ‘ಹೀಗೆ ಮಾಡಿದರೆ ಹಾಗಾಗುತ್ತದೆ, ಹಾಗಾಗಬಾರದೆಂದರೆ ಮೊದಲು ಇದನ್ನು ಮಾಡಬೇಕು’ ಎಂಬ ವಾಕ್ಯ ಅವರ ನಾಲಗೆಯ ಮೇಲೆ ಕನ್ನಡದಲ್ಲಿ ಹುಟ್ಟುವುದಿಲ್ಲ. ಬೇಕು-ಬೇಡಗಳಿಗೆ ಕನ್ನಡ, ವಿಚಾರಕ್ಕೆ ಇಂಗ್ಲಿಷ್ ಎಂದು ಪಾಲು ಮಾಡಿಕೊಟ್ಟವರು ನಾವು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಕುಟುಂಬಗಳಲ್ಲಿ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಕನ್ನಡವು ಮಗುವಿಗೆ ಎದುರಾಗುವುದೇ ವೇದಿಕೆಯ ಮೇಲೆ, ಕಂಠಪಾಠದ ರೂಪದಲ್ಲಿ.

ಇದಕ್ಕೆ ನಾವು ಕಂಡುಕೊಂಡಿರುವ ಪರಿಹಾರವೆಂದರೆ ಮತ್ತಷ್ಟು ಕಂಠಪಾಠ. ವಚನವೊಂದು, ಭಾವಗೀತೆಯೊಂದು, ಛದ್ಮವೇಷವೊಂದು. ಮಗು ಒಪ್ಪಿಸುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ, ಛಾಯಾಚಿತ್ರ ತೆಗೆದುಕೊಳ್ಳುತ್ತೇವೆ. ವೇದಿಕೆಯಿಂದ ಇಳಿದ ಕೂಡಲೇ ಅದೇ ಮಗು ‘ಈಗ ನಾವು ಹೊರಡೋಣವೇ’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಈ ಪದ್ಧತಿಗೆ ವಿರುದ್ಧವಾಗಿ ನಾನು ಎತ್ತಿಹಿಡಿಯಲು ಹೊರಟಿರುವುದು ತೀರ ಕ್ಷುಲ್ಲಕವೆಂದು ತೋರುವ ಒಂದು ಆಟವನ್ನು. ಎರಡು ಅಡ್ಡಗೆರೆ, ಎರಡು ಉದ್ದಗೆರೆ, ಒಂಬತ್ತು ಮನೆ. ಒಬ್ಬರದು ಸೊನ್ನೆ, ಇನ್ನೊಬ್ಬರದು ಕತ್ತರಿಗುರುತು. ನೆರೆಮನೆಯ ಮರಾಠಿ ಮಕ್ಕಳು ಫುಲ್ಲಿ-ಗೋಳಾ ಎನ್ನುತ್ತಾರೆ, ಶಾಲೆಯಲ್ಲಿ ಅದು ಟಿಕ್-ಟ್ಯಾಕ್-ಟೋ.

ಆಕ್ಷೇಪ ನನಗೆ ಗೊತ್ತಿದೆ. ಅದರಲ್ಲೇನಿದೆ, ಇಬ್ಬರೂ ತಿಳಿದು ಆಡಿದರೆ ಸಮವೇ ಅಲ್ಲವೇ? ನಿಜ, ಸಮವೇ. ಆದರೆ ಆ ‘ತಿಳಿದು’ ಎಂಬ ಪದದೊಳಗೆ ಎಷ್ಟಿದೆಯೆಂದು ನೋಡಿದ್ದೇವೆಯೇ? ಗೆಲ್ಲುವ ಸಾಲುಗಳು ಎಂಟೇ ಎಂಟು. ಮೊದಲ ನಡೆಯೂ, ಹಾಳೆಯನ್ನು ತಿರುಗಿಸಿ ನೋಡಿದರೆ, ಮೂರೇ ಬಗೆ: ಮೂಲೆ, ಅಂಚು, ನಡು. ಆದರೂ ಈ ಆಟ ಆರಂಭದಿಂದ ಮುಕ್ತಾಯದವರೆಗೆ ಸಾಗಬಹುದಾದ ದಾರಿಗಳು 2,55,168. ಇಷ್ಟನ್ನೂ ಬಾಯಿಪಾಠ ಮಾಡಲಾಗದು. ಕಾರಣ ಹುಡುಕಿದರೆ ಮಾತ್ರ ಅವು ಕೈಗೆ ಸಿಗುತ್ತವೆ.

ಅಜ್ಜ ಮೂಲೆಯಲ್ಲಿ ಕತ್ತರಿ ಹಾಕಿದನೆನ್ನಿ. ಮೊಮ್ಮಗಳು ಉಳಿಯಬೇಕಾದರೆ ನಡುವಿನ ಮನೆಯೊಂದೇ ದಾರಿ. ಅವಳು ಅಲ್ಲಿ ಸೊನ್ನೆ ಇಟ್ಟಳು. ಅಜ್ಜ ಎದುರು ಮೂಲೆಯನ್ನು ಹಿಡಿದ. ಈಗ ಅವಳು ಉಳಿದ ಮೂಲೆಗಳಲ್ಲೊಂದನ್ನು ಆಯ್ದರೆ ಸೋತಳು, ಅಂಚನ್ನು ಆಯ್ದರೆ ಉಳಿದಳು. ಅಜ್ಜ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಯಾಕೆ ಪುಟ್ಟಿ?’ ಉತ್ತರ ಹೀಗಿರಬೇಕು: ‘ನಾನು ಮೂಲೆಯಲ್ಲಿಟ್ಟರೆ ನನ್ನ ಸಾಲನ್ನು ತಡೆಯಲು ನೀವು ಕೊನೆಯ ಮೂಲೆಗೆ ಬರುತ್ತೀರಿ ಅಜ್ಜ. ಬಂದರೆ ನಿಮಗೆ ಎರಡು ಕಡೆ ದಾರಿ ತೆರೆಯುತ್ತದೆ. ನಾನು ಒಂದನ್ನು ಮುಚ್ಚಿದರೆ ನೀವು ಇನ್ನೊಂದರಲ್ಲಿ ಗೆಲ್ಲುತ್ತೀರಿ.’ ಮೂರು ವಾಕ್ಯ, ಮೂರು ‘-ರೆ’. ಯಾವ ಭಾವಗೀತೆಯೂ ಈ ಪ್ರತ್ಯಯವನ್ನು ಮಗುವಿನ ಬಾಯಿಗೆ ಇಷ್ಟು ಅನಿವಾರ್ಯವಾಗಿ ತರಲಾರದು.

ಆಡುವುದು ಬೇರೆ, ಆಟವನ್ನು ಅರಿಯುವುದು ಬೇರೆ ಎಂಬುದಕ್ಕೆ ಒಳ್ಳೆಯ ನಿದರ್ಶನವೊಂದಿದೆ. 1961ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಮಿಕಿ ಎಂಬ ವಿಜ್ಞಾನಿ 304 ಬೆಂಕಿಪೊಟ್ಟಣಗಳಲ್ಲಿ ಬಣ್ಣದ ಮಣಿಗಳನ್ನು ತುಂಬಿ ಈ ಆಟವನ್ನು ಕಲಿಯುವ ಯಂತ್ರವೊಂದನ್ನು ರೂಪಿಸಿದರು. ಒಂದೊಂದು ಪೊಟ್ಟಣಕ್ಕೂ ಆಟದ ಒಂದೊಂದು ಸ್ಥಿತಿ. ಕೈಗೆ ಬಂದ ಮಣಿಯ ಬಣ್ಣವೇ ಮುಂದಿನ ನಡೆ. ಸೋತರೆ ಆ ಮಣಿಗಳನ್ನು ತೆಗೆಯುವುದು, ಗೆದ್ದರೆ ಅದೇ ಬಣ್ಣದವನ್ನು ಹೆಚ್ಚಿಸುವುದು. ಆಡುತ್ತ ಆಡುತ್ತ ಪೊಟ್ಟಣಗಳು ಚೆನ್ನಾಗಿ ಆಡತೊಡಗಿದವು. ಆದರೆ ಏಕೆ ಹಾಗೆ ಆಡಿದೆ ಎಂದು ಕೇಳಿದರೆ ಬೆಂಕಿಪೊಟ್ಟಣ ಏನು ಹೇಳೀತು? ವೇದಿಕೆಯ ಮೇಲೆ ಒಪ್ಪಿಸುವ ನಮ್ಮ ಮಕ್ಕಳನ್ನು ನಾವು ಈ ಪೊಟ್ಟಣಗಳ ಹಾಗೆ ತರಬೇತುಗೊಳಿಸುತ್ತಿದ್ದೇವೆ. ತಪ್ಪಿದರೆ ಗದರಿಕೆ, ಒಪ್ಪಿಸಿದರೆ ಚಾಕಲೇಟು.

ನಮ್ಮಲ್ಲಿ ಇನ್ನೊಂದು ಪಂಗಡವಿದೆ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳ ಚಿತ್ರ ಮೊಬೈಲಿಗೆ ಬಂದೊಡನೆ ‘ಇದೆಲ್ಲ ನಮ್ಮದೇ’ ಎಂದು ಹತ್ತು ಜನರಿಗೆ ರವಾನಿಸುವವರದು. ಆ ಮನೆಗಳು ನಿಜ, ಹೆಮ್ಮೆಯೂ ಸಹಜ. ಆದರೆ ಅವುಗಳನ್ನು ಕೊರೆದವರು ಎದುರುಬದುರು ಕುಳಿತು, ಜಗಳವಾಡಿ, ನಕ್ಕು ಆಡಿದವರು. ಚಿತ್ರವನ್ನು ರವಾನಿಸಿದ ನಾವು ಪಕ್ಕದಲ್ಲೇ ಕುಳಿತ ಮೊಮ್ಮಗನೊಡನೆ ಒಂದು ಆಟವಾಡಿದ್ದೇವೆಯೇ?

ಈ ನಗರದಲ್ಲಿ ಕನ್ನಡವು ವಿಚಾರದ ಭಾಷೆಯಾಗಿದ್ದ ಕಾಲವೊಂದಿತ್ತೆಂಬುದನ್ನು ಮರೆಯಬಾರದು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಓದಿದರು. ಅವರು ಅಲ್ಲಿ ಪದ್ಯವನ್ನಷ್ಟೇ ಕಲಿಯಲಿಲ್ಲ. ಲೆಕ್ಕವನ್ನೂ ಕನ್ನಡದಲ್ಲೇ ಬಿಡಿಸಿದರು. ಆ ಶಾಲೆಗಳನ್ನು ಮರಳಿ ತರುವ ಶಕ್ತಿ ನಮ್ಮಲ್ಲಿ ಎಷ್ಟಿದೆಯೋ, ಅದು ಬೇರೆ ಚರ್ಚೆ. ಹಾಳೆಯ ಮೇಲೆ ನಾಲ್ಕು ಗೆರೆ ಎಳೆಯುವ ಶಕ್ತಿಯಂತೂ ಇದೆ.

ಹಾಳೆ ಇಲ್ಲದಿದ್ದರೂ ಆದೀತು. ಡೊಂಬಿವಲಿಯಿಂದ ದಾದರಿಗೆ ಬರುವ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಆಡಬಹುದಾದ ರೂಪವೊಂದಿದೆ. ಒಂದರಿಂದ ಒಂಬತ್ತರವರೆಗಿನ ಸಂಖ್ಯೆಗಳಲ್ಲಿ ಇಬ್ಬರೂ ಸರದಿಯಂತೆ ಒಂದೊಂದನ್ನು ಹೇಳುವುದು. ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ತನ್ನ ಸಂಖ್ಯೆಗಳಲ್ಲಿ ಯಾವುದಾದರೂ ಮೂರು ಕೂಡಿ ಹದಿನೈದಾದವರು ಗೆದ್ದರು. ಹಾಗೆ ಹದಿನೈದಾಗುವ ತ್ರಿವಳಿಗಳು ಎಂಟೇ, ಮೂರು-ಮೂರರ ಮಾಯಾಚೌಕದ ಎಂಟು ಸಾಲುಗಳು. ಅಂದರೆ ಇದು ವೇಷ ಬದಲಿಸಿದ ಅದೇ ಆಟ. ನಡುಮನೆಯೇ ಐದು, ಮೂಲೆಗಳೇ ಸಮಸಂಖ್ಯೆಗಳು. ಈ ಗುಟ್ಟನ್ನು ಮಗುವಿಗೆ ಮೊದಲೇ ಹೇಳಿಬಿಡಬೇಡಿ. ಅದು ತಾನಾಗಿ ಕಂಡುಕೊಂಡು, ಕಂಡದ್ದನ್ನು ಹೇಳಲು ತವಕಿಸುವ ಗಳಿಗೆಯಲ್ಲಿ ನೀವು ಕನ್ನಡದಲ್ಲಿ ಕೇಳಿಸಿಕೊಳ್ಳಲು ಸಿದ್ಧರಿರಬೇಕು, ಅಷ್ಟೆ.

ಒಂದು ಆಟದಿಂದ ಭಾಷೆ ಉಳಿಯುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ: ಉಳಿಯುವುದಿಲ್ಲ. ಆದರೆ ವಾದಿಸಲು, ಊಹಿಸಲು, ತಪ್ಪನ್ನು ಒಪ್ಪಿಕೊಳ್ಳಲು ಬಳಕೆಯಾಗದ ಭಾಷೆ ಯಾವ ಉತ್ಸವದಿಂದಲೂ ಉಳಿಯುವುದಿಲ್ಲ. ಮಗು ತೊದಲುತ್ತದೆ, ನಡುವೆ ಇಂಗ್ಲಿಷ್ ಪದ ತುರುಕುತ್ತದೆ, ವ್ಯಾಕರಣ ತಪ್ಪುತ್ತದೆ. ತಪ್ಪಲಿ. ವೇದಿಕೆಯ ಮೇಲೆ ಒಂದಕ್ಷರ ತಪ್ಪದ ಹುಡುಗನಿಗಿಂತ, ಸೋತ ಮೇಲೆ ‘ಅಜ್ಜ, ಆಗಲೇ ಅಂಚಿನಲ್ಲಿಟ್ಟಿದ್ದರೆ ನಾನು ಸೋಲುತ್ತಿರಲಿಲ್ಲ’ ಎಂದ ಹುಡುಗಿಗೆ ಹೆಚ್ಚು ಕನ್ನಡ ಬರುತ್ತದೆ. ಈ ನವೆಂಬರಿನ ಕಾರ್ಯಕ್ರಮಪಟ್ಟಿಯಲ್ಲಿ ಅವಳಿಗೂ ಅರ್ಧ ಗಂಟೆ ಬಿಡಿ. ಮೈಕು ಬೇಡ, ಒಂದು ಚಾಪೆ ಸಾಕು.