ಹೇಳದೆ ಹೋದವರ ಲೆಕ್ಕ

ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಚಾಟ್ ಪ್ರೋಗ್ರಾಂ ಬರೆಯುವುದುಂಟು. ಇಬ್ಬರೇ ಇದ್ದಾಗ ಅದು ಸೊಗಸಾಗಿ ನಡೆಯುತ್ತದೆ. ಹತ್ತು ಮಂದಿ ಸೇರಿದಾಗ ಒಬ್ಬನ ಕಂಪ್ಯೂಟರ್‌ಗೆ ಕರೆಂಟ್ ಹೋದರೆ, ಸ್ವಲ್ಪ ಹೊತ್ತಿನಲ್ಲೇ ಎಲ್ಲರ ಪರದೆಯೂ ಸ್ತಬ್ಧ! ತಪ್ಪೆಲ್ಲಿ?

ಬೀಗ ಹಾಕಿದ ಮನೆಯ ಮುಂದೆ ಅಂಚೆಯಣ್ಣ ಕಾಯುತ್ತಾ ಕೂತರೆ ಬೀದಿಯ ಉಳಿದವರಿಗೆ ಕಾಗದ ತಲುಪೀತೇ? ಸರ್ವರ್ ಮಾಡುವ ತಪ್ಪೂ ಅದೇ.

ಆಬ್ಜೆಕ್ಟ್ ಓರಿಯೆಂಟೆಡ್ ವಿಧಾನದಲ್ಲಿ ಪ್ರತಿ ಬಳಕೆದಾರನ ಸಂಪರ್ಕಕ್ಕೂ ಒಂದು ಆಬ್ಜೆಕ್ಟ್ ಇರಲಿ. ಅವನ ಹೆಸರು, ಸಾಕೆಟ್, ಕಳುಹಿಸಬೇಕಾದ ಸಂದೇಶಗಳ ಸರದಿ ಎಲ್ಲವೂ ಅದರೊಳಗೇ. ಸರ್ವರ್ ಸಂದೇಶವನ್ನು ಒಂದೊಂದರ ಸರದಿಗೂ ಸೇರಿಸಿ ಮುಂದೆ ಸಾಗುತ್ತದೆ. ಸಾಕೆಟ್ ಹಿಡಿದಷ್ಟನ್ನು ಆಬ್ಜೆಕ್ಟ್ ಕಳುಹಿಸುತ್ತದೆ. ಒಬ್ಬ ನಿಧಾನವಾದರೆ ಉಳಿದವರಿಗೆ ತಡವಿಲ್ಲ. ಆದರೆ ಸರದಿಗೊಂದು ಮಿತಿ ಬೇಕು, ಇಲ್ಲದಿದ್ದರೆ ಮೆಮೊರಿ ತುಂಬೀತು.

ಹೇಳದೆ ಹೋದವನ ಪತ್ತೆ ಹೇಗೆ? 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ರಚಿಸಿದ ಐಆರ್‌ಸಿಯಲ್ಲಿ ಉತ್ತರವಿದೆ. 1993ರಲ್ಲಿ ಪ್ರಕಟವಾದ ಅದರ ನಿಯಮಾವಳಿಯಂತೆ, ಸದ್ದಿಲ್ಲದ ಸಂಪರ್ಕಕ್ಕೆ ಸರ್ವರ್ 'ಪಿಂಗ್' ಎನ್ನುತ್ತದೆ. ನಿಗದಿತ ಅವಧಿಯೊಳಗೆ 'ಪಾಂಗ್' ಬಾರದಿದ್ದರೆ ಸಂಪರ್ಕ ಕಡಿಯುತ್ತದೆ.

ಒಂದು ಎಚ್ಚರಿಕೆ: ಸಂದೇಶ ಹಂಚಲು ಪಟ್ಟಿ ಓದುತ್ತಿರುವಾಗಲೇ ಅದರಿಂದ ಹೆಸರು ಅಳಿಸಬೇಡಿ. ಗುರುತು ಹಾಕಿಕೊಂಡು, ಸುತ್ತು ಮುಗಿದ ಮೇಲೆ ತೆಗೆಯಿರಿ.

ಪೋಷಕರೇ, ಮಕ್ಕಳು ಪ್ರಾಜೆಕ್ಟ್ ತೋರಿಸಿದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಒಂದು ಕೇಬಲ್ ಕಿತ್ತರೆ ಏನಾಗುತ್ತದೆ?" ಉಳಿದವರ ಮಾತು ನಡೆದೇ ಇದ್ದರೆ ಬೆನ್ನು ತಟ್ಟಿ!